ಡಿ.ಎನ್.ಎ. ಬೆರಳಚ್ಚು

ಡಿ.ಎನ್.ಎ. ಬೆರಳಚ್ಚು ಎಂಬುದು ರಕ್ತ, ಜೊಲ್ಲು, ವೀರ್ಯ, ಕೂದಲಿನ ಬುಡ, ಹಲ್ಲು, ಮೂಳೆ ಮೊದಲಾದವುಗಳಿಂದ ಡಿ.ಎನ್.ಎ.ಯನ್ನು ಬೇರ್ಪಡಿಸಿ, ಅದರ ಕೆಲವು ನಿರ್ದಿಷ್ಟ ತಾಣಗಳನ್ನು ಪರೀಕ್ಷಿಸಿ, ಎರಡು ಮಾದರಿಗಳು ಒಬ್ಬನೇ ವ್ಯಕ್ತಿಗೆ ಸೇರಿದವೇ ಎಂಬುದನ್ನು ತಿಳಿಯುವ ಪ್ರಯೋಗಾಲಯ ವಿಧಾನ. ಇದನ್ನು ಡಿ.ಎನ್.ಎ. ಪ್ರೊಫೈಲಿಂಗ್ ಎಂದೂ ಕರೆಯುತ್ತಾರೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಅಲೆಕ್ ಜೆಫ್ರಿಸ್ 1984ರಲ್ಲಿ ಇದನ್ನು ಕಂಡುಹಿಡಿದರು. ಅಪರಾಧ ತನಿಖೆ, ತಂದೆತಾಯಿಯರ ನಿರ್ಣಯ, ದುರಂತಗಳಲ್ಲಿ ಮಡಿದವರ ಗುರುತು ಪತ್ತೆ ಮುಂತಾದ ಕಾರ್ಯಗಳಲ್ಲಿ ಇದು ಬಳಕೆಯಲ್ಲಿದೆ.

ಕನ್ನಡದಲ್ಲಿ ಬೆರಳಚ್ಚು ಎಂಬ ಪದಕ್ಕೆ ಟೈಪು ಮಾಡುವುದು ಎಂಬ ಅರ್ಥವೂ ಇದೆ. ಇಲ್ಲಿ ಅದು ಹೆಬ್ಬೆಟ್ಟಿನ ಗುರುತಿನಂತೆ ವ್ಯಕ್ತಿಯನ್ನು ಗುರುತಿಸುವ ಚಿಹ್ನೆ ಎಂಬ ಅರ್ಥದಲ್ಲಿ ಮಾತ್ರ ಬಂದಿದೆ. ಬೆರಳಿಗೂ ಈ ಪರೀಕ್ಷೆಗೂ ಸಂಬಂಧವಿಲ್ಲ. ಒಂದೇ ಭ್ರೂಣದಿಂದ ಹುಟ್ಟಿದ ಅವಳಿಗಳ ಬೆರಳ ಗುರುತುಗಳು ಬೇರೆ ಬೇರೆಯಾಗಿರುತ್ತವೆ, ಅವರ ಡಿ.ಎನ್.ಎ. ಬೆರಳಚ್ಚು ಮಾತ್ರ ಒಂದೇ ಆಗಿರುತ್ತದೆ.

ತತ್ತ್ವ

ಮಾನವನ ಬಹುತೇಕ ಜೀವಕೋಶಗಳ ಕೋಶಕೇಂದ್ರದಲ್ಲಿ ತಾಯಿಯಿಂದ ಬಂದ ಒಂದು ಮತ್ತು ತಂದೆಯಿಂದ ಬಂದ ಒಂದು, ಹೀಗೆ ಎರಡು ಪ್ರತಿ ಡಿ.ಎನ್.ಎ. ಇರುತ್ತದೆ. ಒಂದೊಂದು ಪ್ರತಿಯಲ್ಲಿ ಸುಮಾರು 300 ಕೋಟಿ ಪ್ರತ್ಯಾಮ್ಲ ಜೋಡಿಗಳಿವೆ. ಅಡಿನಿನ್, ಥೈಮಿನ್, ಗ್ವಾನಿನ್ ಮತ್ತು ಸೈಟೊಸಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳನ್ನು ಎ, ಟಿ, ಜಿ, ಸಿ ಎಂಬ ಅಕ್ಷರಗಳಿಂದ ಸೂಚಿಸುವುದು ವಾಡಿಕೆ. ಈ ಅಕ್ಷರಮಾಲೆಯ ಬಹುಪಾಲು ಎಲ್ಲ ಮನುಷ್ಯರಲ್ಲೂ ಒಂದೇ ತೆರನಾಗಿದೆ. ಆದರೆ ಕೆಲವು ತಾಣಗಳಲ್ಲಿ ಒಂದು ಚಿಕ್ಕ ತುಣುಕು ಮತ್ತೆ ಮತ್ತೆ ಆವರ್ತಿಸುತ್ತದೆ. ಎಷ್ಟು ಸಲ ಆವರ್ತಿಸುತ್ತದೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುತ್ತದೆ.

ಉದಾಹರಣೆಗೆ, 11ನೆಯ ವರ್ಣತಂತುವಿನಲ್ಲಿರುವ ಟಿಎಚ್01 ಎಂಬ ತಾಣದಲ್ಲಿ ಎ-ಎ-ಟಿ-ಜಿ ಎಂಬ ನಾಲ್ಕಕ್ಷರದ ತುಣುಕು ಸಾಲಾಗಿ ಬರುತ್ತದೆ. ಒಬ್ಬನಿಗೆ ತಂದೆಯಿಂದ 6 ಆವರ್ತನಗಳ ಪ್ರತಿಯೂ ತಾಯಿಯಿಂದ 9 ಆವರ್ತನಗಳ ಪ್ರತಿಯೂ ಬಂದಿದ್ದರೆ, ಆ ತಾಣದಲ್ಲಿ ಅವನ ಗುರುತು "6, 9" ಎಂದಾಗುತ್ತದೆ. ಇಂಥ ಹತ್ತಿಪ್ಪತ್ತು ತಾಣಗಳ ಸಂಖ್ಯೆಗಳನ್ನು ಒಟ್ಟಿಗೆ ಬರೆದರೆ ಅದೇ ಆ ವ್ಯಕ್ತಿಯ ಡಿ.ಎನ್.ಎ. ಬೆರಳಚ್ಚು. ಪತ್ರಿಕೆಗಳಲ್ಲಿ ಕಾಣುವ ವರ್ಣನೆಗಳನ್ನು ಓದಿದವರಿಗೆ ಇದು ವ್ಯಕ್ತಿಯ ಇಡೀ ಜಾತಕವೆಂಬ ಭಾವನೆ ಬರುವುದುಂಟು. ವಾಸ್ತವವಾಗಿ ಅದು ಕೆಲವು ಜೋಡಿ ಅಂಕಿಗಳ ಪಟ್ಟಿ, ಅಷ್ಟೆ.

ಡಿ.ಎನ್.ಎ. ಬೇರ್ಪಡಿಸುವಿಕೆ

ಡಿ.ಎನ್.ಎ.ಯನ್ನು ಮೊದಲು ಬೇರ್ಪಡಿಸಿದವರು ಸ್ವಿಟ್ಜರ್ಲೆಂಡಿನ ಫ್ರೀಡ್ರಿಶ್ ಮೀಶರ್. 1869ರಲ್ಲಿ ಜರ್ಮನಿಯ ಟ್ಯೂಬಿಂಗನ್ ನಗರದಲ್ಲಿ, ಆಸ್ಪತ್ರೆಯಲ್ಲಿ ಬಿಸಾಡಿದ ಬ್ಯಾಂಡೇಜುಗಳಿಗೆ ಅಂಟಿದ ಕೀವಿನ ಬಿಳಿ ರಕ್ತಕಣಗಳಿಂದ ಅವರು ಒಂದು ಹೊಸ ವಸ್ತುವನ್ನು ಪಡೆದು ಅದಕ್ಕೆ ನ್ಯೂಕ್ಲಿನ್ ಎಂದು ಹೆಸರಿಟ್ಟರು.

ಇಂದಿನ ವಿಧಾನಗಳು ಸುಧಾರಿಸಿದ್ದರೂ ಕ್ರಮ ಮೂಲತಃ ಹೀಗಿದೆ: ಜೀವಕೋಶವನ್ನು ಒಡೆಯಬೇಕು, ಪ್ರೋಟೀನುಗಳನ್ನು ತೆಗೆಯಬೇಕು, ಉಳಿದ ದ್ರಾವಣದಿಂದ ಡಿ.ಎನ್.ಎ.ಯನ್ನು ಹೊರತರಬೇಕು. ಮಾರ್ಜಕವು ಜೀವಕೋಶದ ಕೊಬ್ಬಿನ ಪೊರೆಯನ್ನು ಕರಗಿಸುತ್ತದೆ. ಪ್ರೋಟೀನೇಸ್-ಕೆ ಎಂಬ ಕಿಣ್ವ ಪ್ರೋಟೀನುಗಳನ್ನು ತುಂಡರಿಸುತ್ತದೆ. ಫಿನಾಲ್ ಮತ್ತು ಕ್ಲೋರೋಫಾರ್ಮ್ ಸೇರಿಸಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿದಾಗ ಡಿ.ಎನ್.ಎ. ಮೇಲಿನ ನೀರಿನ ಪದರದಲ್ಲಿ ಉಳಿಯುತ್ತದೆ. ಆ ಪದರಕ್ಕೆ ಉಪ್ಪು ಮತ್ತು ತಣ್ಣಗಿನ ಆಲ್ಕೊಹಾಲ್ ಬೆರೆಸಿದರೆ ಡಿ.ಎನ್.ಎ. ಬಿಳಿಯ ನೂಲಿನ ಎಳೆಗಳಂತೆ ಕಾಣಿಸಿಕೊಳ್ಳುತ್ತದೆ. ಇದರ ಸರಳ ರೂಪವನ್ನು ಶಾಲೆಯಲ್ಲಿಯೂ ಮಾಡಿ ನೋಡಬಹುದು. ಜಜ್ಜಿದ ಈರುಳ್ಳಿ ಅಥವಾ ಬಾಳೆಹಣ್ಣಿಗೆ ಪಾತ್ರೆ ತೊಳೆಯುವ ದ್ರವ, ಉಪ್ಪು ಮತ್ತು ನೀರು ಬೆರೆಸಿ ಸೋಸಿ, ತಣ್ಣಗಿನ ಸ್ಪಿರಿಟನ್ನು ಮೆಲ್ಲಗೆ ಮೇಲೆ ಸುರಿದರೆ ಸಾಕು. ಆ ಎಳೆಗಳನ್ನು ಕಡ್ಡಿಗೆ ಸುತ್ತಿ ಎತ್ತಿದಾಗ ಮಕ್ಕಳ ಮುಖದಲ್ಲಿ ಮೂಡುವ ಅಚ್ಚರಿಯನ್ನು ಪಾಠಪುಸ್ತಕದ ಚಿತ್ರ ಮೂಡಿಸಲಾರದು.

ರಕ್ತದ ವಿಷಯದಲ್ಲಿ ಒಂದು ಅಂಶ ಗಮನಾರ್ಹ. ಬಲಿತ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವಿಲ್ಲ. ಆದ್ದರಿಂದ ರಕ್ತದ ಕಲೆಯಿಂದ ದೊರೆಯುವ ಡಿ.ಎನ್.ಎ. ಬಿಳಿ ರಕ್ತಕಣಗಳದು. ಇನ್ನೊಂದು ಅಂಶ ಕಲೆಗಳ ಸಂರಕ್ಷಣೆಗೆ ಸಂಬಂಧಿಸಿದ್ದು. ರಕ್ತ ಅಂಟಿದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು. ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆದು ಡಿ.ಎನ್.ಎ. ಹಾಳಾಗುತ್ತದೆ. ಪ್ರಯೋಗಾಲಯ ಎಷ್ಟೇ ಉತ್ತಮವಾಗಿದ್ದರೂ ಆ ನಷ್ಟವನ್ನು ಸರಿಪಡಿಸಲಾಗದು.

ಅತ್ಯಾಚಾರ ಪ್ರಕರಣಗಳಲ್ಲಿ ಸಂತ್ರಸ್ತೆಯ ಜೀವಕೋಶಗಳೂ ಆರೋಪಿಯ ವೀರ್ಯಾಣುಗಳೂ ಒಂದೇ ಮಾದರಿಯಲ್ಲಿ ಬೆರೆತಿರುತ್ತವೆ. ವೀರ್ಯಾಣುವಿನ ತಲೆಯಲ್ಲಿರುವ ಪ್ರೋಟೀನುಗಳು ಗಂಧಕದ ಬಂಧಗಳಿಂದ ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಸಾಮಾನ್ಯ ಮಾರ್ಜಕ ಮತ್ತು ಕಿಣ್ವಕ್ಕೆ ಅದು ಒಡೆಯುವುದಿಲ್ಲ. ಮೊದಲು ಮಹಿಳೆಯ ಜೀವಕೋಶಗಳನ್ನು ಒಡೆದು ಆ ಡಿ.ಎನ್.ಎ.ಯನ್ನು ತೆಗೆದಿಟ್ಟು, ಅನಂತರ ಆ ಬಂಧಗಳನ್ನು ಬಿಡಿಸುವ ರಾಸಾಯನಿಕ ಸೇರಿಸಿ ವೀರ್ಯಾಣುಗಳ ಡಿ.ಎನ್.ಎ.ಯನ್ನು ಪ್ರತ್ಯೇಕವಾಗಿ ಪಡೆಯುತ್ತಾರೆ. ಈ ಉಪಾಯವನ್ನು ಜೆಫ್ರಿಸ್ ಮತ್ತು ಸಂಗಡಿಗರು 1985ರಲ್ಲಿಯೇ ಪ್ರಕಟಿಸಿದರು.

ಜೆಫ್ರಿಸ್ ವಿಧಾನ

1984ರ ಸೆಪ್ಟೆಂಬರ್ 10ರ ಸೋಮವಾರ ಬೆಳಿಗ್ಗೆ ಜೆಫ್ರಿಸ್ ತಮ್ಮ ಪ್ರಯೋಗಾಲಯದಲ್ಲಿ ಒಂದು ಕ್ಷ-ಕಿರಣ ಫಿಲ್ಮನ್ನು ತೊಳೆದು ನೋಡಿದರು. ಅದರಲ್ಲಿ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರ ಮತ್ತು ಅವರ ತಂದೆತಾಯಿಯರ ಡಿ.ಎನ್.ಎ. ಪಟ್ಟೆಗಳು ಮೂಡಿದ್ದವು. ಒಬ್ಬೊಬ್ಬರ ಪಟ್ಟೆಗಳೂ ಬೇರೆಯಾಗಿದ್ದು, ಮಗಳ ಪಟ್ಟೆಗಳಲ್ಲಿ ಕೆಲವು ತಂದೆಯವು, ಉಳಿದವು ತಾಯಿಯವು ಎಂಬುದು ಸ್ಪಷ್ಟವಾಗಿತ್ತು.

ಆ ವಿಧಾನದಲ್ಲಿ ಡಿ.ಎನ್.ಎ.ಯನ್ನು ನಿರ್ಬಂಧಕ ಕಿಣ್ವವೆಂಬ ಕತ್ತರಿಯಿಂದ ತುಂಡರಿಸಿ, ಅಗರೋಸ್ ಎಂಬ ಪಾಚಿಜನ್ಯ ಜೆಲ್ಲಿಯ ಹಲಗೆಯ ಒಂದು ಬದಿಯಲ್ಲಿಟ್ಟು ವಿದ್ಯುತ್ ಹರಿಸುತ್ತಾರೆ. ಡಿ.ಎನ್.ಎ.ಯಲ್ಲಿ ಋಣ ವಿದ್ಯುದಂಶವಿರುವುದರಿಂದ ತುಣುಕುಗಳು ಧನ ಧ್ರುವದತ್ತ ಸಾಗುತ್ತವೆ. ಚಿಕ್ಕವು ಬೇಗ, ದೊಡ್ಡವು ನಿಧಾನ. ಅವುಗಳನ್ನು 1975ರಲ್ಲಿ ಎಡ್ವಿನ್ ಸದರ್ನ್ ರೂಪಿಸಿದ ಕ್ರಮದಂತೆ ಪೊರೆಯೊಂದಕ್ಕೆ ಹೀರಿಸಿ, ವಿಕಿರಣಶೀಲ ಶೋಧಕದಿಂದ ಗುರುತಿಸುತ್ತಾರೆ. ಈ ವಿಧಾನಕ್ಕೆ ಹೆಚ್ಚು ಪ್ರಮಾಣದ, ಕೆಡದ ಡಿ.ಎನ್.ಎ. ಬೇಕಾಗಿತ್ತು. ಫಲಿತಾಂಶ ಬರಲು ಹಲವು ದಿನಗಳು ಹಿಡಿಯುತ್ತಿದ್ದವು.

1985ರಲ್ಲಿ ಇದರ ಮೊದಲ ಸಾರ್ವಜನಿಕ ಬಳಕೆಯಾಯಿತು. ಘಾನಾದಿಂದ ಬ್ರಿಟನ್ನಿಗೆ ಮರಳಿದ ಬಾಲಕನೊಬ್ಬ ತಾನು ಅಲ್ಲಿ ನೆಲೆಸಿದ್ದ ತಾಯಿಯ ಮಗನೇ ಎಂಬುದನ್ನು ವಲಸೆ ಅಧಿಕಾರಿಗಳಿಗೆ ಸಾಬೀತುಪಡಿಸಬೇಕಾಗಿತ್ತು. ತಂದೆಯ ಮಾದರಿ ಲಭ್ಯವಿರಲಿಲ್ಲ. ತಾಯಿಯ ಮತ್ತು ಆಕೆಯ ಇತರ ಮೂವರು ಮಕ್ಕಳ ಪಟ್ಟೆಗಳೊಡನೆ ಹೋಲಿಸಿದಾಗ ಆತ ಆಕೆಯ ಮಗನೇ ಎಂದು ಸಿದ್ಧವಾಯಿತು. ಅವನು ಕುಟುಂಬದೊಡನೆ ಉಳಿದನು.

ನಕಲು ಮಾಡುವಿಕೆ

ಸಿಗರೇಟಿನ ತುದಿಗೆ ಅಂಟಿದ ಜೊಲ್ಲಿನಂಥ ಅತ್ಯಲ್ಪ ಮಾದರಿಯನ್ನೂ ಪರೀಕ್ಷಿಸಲು ಸಾಧ್ಯವಾದುದು ಪಾಲಿಮರೇಸ್ ಸರಪಳಿ ಕ್ರಿಯೆಯಿಂದ. ಇದನ್ನು ಪಿಸಿಆರ್ ಎಂದು ಕರೆಯುವುದು ರೂಢಿ. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್ ಇದನ್ನು ರೂಪಿಸಿ, 1993ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಎರಡು ತುಣುಕುಗಳನ್ನು ಬಳಸಿ ಡಿ.ಎನ್.ಎ.ಯನ್ನು ನಕಲಿಸುವ ಕಲ್ಪನೆ ಹರಗೋಬಿಂದ್ ಖೊರಾನಾ ಅವರ ಪ್ರಯೋಗಾಲಯದಿಂದ 1971ರಲ್ಲಿ ಹೊರಬಂದ ಲೇಖನದಲ್ಲಿಯೇ ಇತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಕ್ರಿಯೆ ಮೂರು ಹಂತಗಳಲ್ಲಿ ನಡೆಯುತ್ತದೆ. ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಡಿ.ಎನ್.ಎ.ಯ ಎರಡು ಎಳೆಗಳು ಬಿಡಿಯಾಗುತ್ತವೆ. ಸುಮಾರು 50ರಿಂದ 65 ಡಿಗ್ರಿಗೆ ತಣಿಸಿದಾಗ ಪ್ರೈಮರ್ ಎಂಬ ಚಿಕ್ಕ ತುಣುಕುಗಳು ಬೇಕಾದ ತಾಣದ ಎರಡೂ ಅಂಚುಗಳಿಗೆ ಅಂಟುತ್ತವೆ. 72 ಡಿಗ್ರಿಯಲ್ಲಿ ಪಾಲಿಮರೇಸ್ ಕಿಣ್ವ ಅಲ್ಲಿಂದ ಮುಂದಕ್ಕೆ ಹೊಸ ಎಳೆಯನ್ನು ಹೆಣೆಯುತ್ತದೆ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಪ್ರತಿ ಸುತ್ತೂ ಪೂರ್ಣ ಫಲ ನೀಡಿದರೆ 30 ಸುತ್ತುಗಳಲ್ಲಿ ಒಂದು ಪ್ರತಿ 107 ಕೋಟಿಗೂ ಮಿಗಿಲಾಗುತ್ತದೆ. ಮೊದಮೊದಲು ಬಳಸಿದ ಕಿಣ್ವ ಕಾವಿಗೆ ಕೆಡುತ್ತಿದ್ದುದರಿಂದ ಪ್ರತಿ ಸುತ್ತಿಗೂ ಹೊಸದಾಗಿ ಸೇರಿಸಬೇಕಾಗಿತ್ತು. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಬಿಸಿನೀರಿನ ಬುಗ್ಗೆಯಲ್ಲಿ 1960ರ ದಶಕದಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಕಂಡುಹಿಡಿದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾದ ಕಿಣ್ವ ಆ ತೊಂದರೆಯನ್ನು ನೀಗಿಸಿತು.

ಮಣ್ಣಿನ ಹ್ಯೂಮಿಕ್ ಆಮ್ಲ, ರಕ್ತದ ಹೀಮ್, ಜೀನ್ಸ್ ಬಟ್ಟೆಯ ನೀಲಿ ಬಣ್ಣ ಇವು ಈ ಕಿಣ್ವದ ಕೆಲಸಕ್ಕೆ ಅಡ್ಡಿಯಾಗುತ್ತವೆ. ಆದ್ದರಿಂದ ಫಲಿತಾಂಶ ಬರಲಿಲ್ಲವೆಂದ ಮಾತ್ರಕ್ಕೆ ಡಿ.ಎನ್.ಎ. ಇರಲಿಲ್ಲವೆಂದು ತೀರ್ಮಾನಿಸುವಂತಿಲ್ಲ.

ವಿಶ್ಲೇಷಣೆ

ಇಂದು ಬಹುತೇಕ ಪ್ರಯೋಗಾಲಯಗಳು ಟಿಎಚ್01ರಂಥ ಕಿರು ಆವರ್ತನ ತಾಣಗಳನ್ನೇ ಪರೀಕ್ಷಿಸುತ್ತವೆ. ಹಲವು ತಾಣಗಳನ್ನು ಒಂದೇ ನಳಿಕೆಯಲ್ಲಿ, ಬೇರೆ ಬೇರೆ ಬಣ್ಣ ಹೊಳೆಯುವ ಪ್ರೈಮರುಗಳಿಂದ ನಕಲಿಸಿ, ಕೂದಲಿನಷ್ಟು ಸಪೂರವಾದ ಗಾಜಿನ ಕೊಳವೆಯಲ್ಲಿ ಹರಿಸುತ್ತಾರೆ. ಯಂತ್ರವು ಪ್ರತಿ ತುಣುಕಿನ ಉದ್ದವನ್ನು ಅಳೆದು ಶಿಖರಗಳ ನಕ್ಷೆಯಾಗಿ ತೋರಿಸುತ್ತದೆ. ಅಮೆರಿಕದ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆ 13 ತಾಣಗಳಿಂದ ಆರಂಭವಾಗಿ 2017ರಿಂದ 20 ತಾಣಗಳನ್ನು ಬಳಸುತ್ತಿದೆ.

ಹಳೆಯ ಮೂಳೆಗಳಲ್ಲಿ ಕೋಶಕೇಂದ್ರದ ಡಿ.ಎನ್.ಎ. ನಶಿಸಿದ್ದರೆ, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು ಪರೀಕ್ಷಿಸುತ್ತಾರೆ. ರಷ್ಯಾದ ಕೊನೆಯ ತ್ಸಾರ್ ಕುಟುಂಬದ ಅಸ್ಥಿಗಳನ್ನು ಗುರುತಿಸುವಾಗ, ಸಾಮ್ರಾಜ್ಞಿಯ ತಾಯಿಯ ಕಡೆಯ ಬಂಧುವಾದ ಬ್ರಿಟನ್ನಿನ ರಾಜಕುಮಾರ ಫಿಲಿಪ್ ತಮ್ಮ ಮಾದರಿಯನ್ನು ನೀಡಿದ್ದರು.

ಎರಡು ಪಟ್ಟಿಗಳು ಒಂದು ತಾಣದಲ್ಲಿ ಖಚಿತವಾಗಿ ಭಿನ್ನವಾದರೂ ಸಾಮಾನ್ಯವಾಗಿ ವ್ಯಕ್ತಿಗಳು ಬೇರೆ ಎಂದರ್ಥ. ಎಲ್ಲವೂ ಹೊಂದಿಕೊಂಡಾಗ ಮಾತ್ರ ಲೆಕ್ಕಾಚಾರ ಬೇಕಾಗುತ್ತದೆ. ಪ್ರತಿ ತಾಣದ ಗುರುತು ಹತ್ತರಲ್ಲಿ ಒಬ್ಬರಿಗೆ ಇರುವುದೆಂದು ಭಾವಿಸಿದರೆ, ಆರು ತಾಣಗಳು ಒಟ್ಟಿಗೆ ಹೊಂದುವ ಸಂಭವ ಹತ್ತು ಲಕ್ಷದಲ್ಲಿ ಒಂದು. ಇದನ್ನು ಕೇಳಿದ ಕೂಡಲೇ "ಆರೋಪಿ ನಿರಪರಾಧಿಯಾಗಿರುವ ಸಂಭವ ಹತ್ತು ಲಕ್ಷದಲ್ಲಿ ಒಂದು" ಎಂದು ಅರ್ಥೈಸುವುದು ದೊಡ್ಡ ತಪ್ಪು. ಒಂದು ಕೋಟಿ ಜನರಿರುವ ನಗರದಲ್ಲಿ ಅದೇ ಗುರುತಿನವರು ಸುಮಾರು ಹತ್ತು ಮಂದಿ ಇರಬಹುದು. ಬೇರೆ ಸಾಕ್ಷ್ಯವಿಲ್ಲದಿದ್ದರೆ ಆರೋಪಿ ಆ ಹತ್ತರಲ್ಲಿ ಒಬ್ಬ ಮಾತ್ರ. ತಾಣಗಳ ಸಂಖ್ಯೆ ಹೆಚ್ಚಿದಂತೆ ಈ ತೊಡಕು ಕಡಿಮೆಯಾಗುತ್ತದೆ. ಆದರೆ ಮಾದರಿ ಅರ್ಧಂಬರ್ಧವಾಗಿದ್ದಾಗ ಅಥವಾ ಹಲವರದು ಬೆರೆತಿದ್ದಾಗ ಅದು ಮತ್ತೆ ತಲೆದೋರುತ್ತದೆ.

ಲೆಸ್ಟರ್‌ಶೈರ್ ಪ್ರಕರಣ

ಕೊಲೆ ತನಿಖೆಯಲ್ಲಿ ಈ ತಂತ್ರ ಮೊದಲು ಬಳಕೆಯಾದುದು ಜೆಫ್ರಿಸ್ ಅವರ ಊರಿನ ಸಮೀಪದಲ್ಲಿಯೇ. ಲೆಸ್ಟರ್‌ಶೈರಿನ ನಾರ್ಬರೊ ಮತ್ತು ಎಂಡರ್ಬಿ ಎಂಬ ನೆರೆಹೊರೆಯ ಹಳ್ಳಿಗಳಲ್ಲಿ 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು, ಹೀಗೆ ಹದಿನೈದು ವಯಸ್ಸಿನ ಇಬ್ಬರು ಬಾಲಕಿಯರು ಅತ್ಯಾಚಾರಕ್ಕೊಳಗಾಗಿ ಕೊಲೆಯಾದರು. ಹದಿನೇಳು ವಯಸ್ಸಿನ ತರುಣನೊಬ್ಬ ಎರಡನೆಯ ಕೊಲೆಯನ್ನು ಪೊಲೀಸರೆದುರು ಒಪ್ಪಿಕೊಂಡಿದ್ದನು. ಮೊದಲನೆಯದನ್ನೂ ಅವನೇ ಮಾಡಿರಬೇಕೆಂದು ಊಹಿಸಿದ ಪೊಲೀಸರು ಅದನ್ನು ಖಚಿತಪಡಿಸಿಕೊಳ್ಳಲು ಜೆಫ್ರಿಸ್ ಅವರ ನೆರವು ಕೋರಿದರು. ಪರೀಕ್ಷೆಯ ಫಲ ಅನಿರೀಕ್ಷಿತವಾಗಿತ್ತು. ಎರಡೂ ಕೃತ್ಯಗಳನ್ನು ಎಸಗಿದವನು ಒಬ್ಬನೇ, ಆದರೆ ಅವನು ಈ ತರುಣನಲ್ಲ. ಹೀಗೆ ಕೊಲೆ ತನಿಖೆಯೊಂದರಲ್ಲಿ ಡಿ.ಎನ್.ಎ. ಬೆರಳಚ್ಚು ಮಾಡಿದ ಮೊದಲ ಕೆಲಸ ತಪ್ಪೊಪ್ಪಿಗೆ ನೀಡಿದ್ದ ನಿರಪರಾಧಿಯನ್ನು ಬಿಡಿಸಿದ್ದು.

ಅನಂತರ ಸುತ್ತಲಿನ ಹಳ್ಳಿಗಳ ಸುಮಾರು 5,000 ಗಂಡಸರ ಮಾದರಿಗಳನ್ನು ಸಂಗ್ರಹಿಸಲಾಯಿತು. ಹೊಂದಿಕೆ ಸಿಗಲಿಲ್ಲ. ಕಾಲಿನ್ ಪಿಚ್‌ಫೋರ್ಕ್ ಎಂಬಾತ ತನ್ನ ಬದಲಿಗೆ ಸಹೋದ್ಯೋಗಿಯೊಬ್ಬನಿಂದ ರಕ್ತ ಕೊಡಿಸಿದ್ದನು. ಆ ಸಹೋದ್ಯೋಗಿ ಪಬ್ ಒಂದರಲ್ಲಿ ಬಾಯಿಬಿಟ್ಟುದನ್ನು ಕೇಳಿದವರು ಪೊಲೀಸರಿಗೆ ತಿಳಿಸಿದರು. 1987ರ ಸೆಪ್ಟೆಂಬರಿನಲ್ಲಿ ಪಿಚ್‌ಫೋರ್ಕ್ ಬಂಧಿತನಾದನು, ಅವನ ಡಿ.ಎನ್.ಎ. ಹೊಂದಿಕೆಯಾಯಿತು. 1988ರ ಜನವರಿಯಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ದೋಷಗಳು

ಒಂದನ್ನು ಕೋಟಿಯಾಗಿಸುವ ಯಂತ್ರ, ತಪ್ಪಿ ಬಿದ್ದ ಒಂದನ್ನೂ ಕೋಟಿಯಾಗಿಸುತ್ತದೆ. ಇದಕ್ಕೆ ಜರ್ಮನಿಯ "ಹೈಲ್‌ಬ್ರಾನ್ ಪ್ರೇತ" ಪ್ರಕರಣ ಪ್ರಸಿದ್ಧ ನಿದರ್ಶನ. 2007ರಲ್ಲಿ ಹೈಲ್‌ಬ್ರಾನ್ ನಗರದಲ್ಲಿ ಪೊಲೀಸ್ ಅಧಿಕಾರಿಣಿಯೊಬ್ಬರ ಹತ್ಯೆಯಾದಾಗ ದೊರೆತ ಹೆಂಗಸಿನ ಡಿ.ಎನ್.ಎ., ಜರ್ಮನಿ, ಆಸ್ಟ್ರಿಯಾ ಮತ್ತು ಫ್ರಾನ್ಸ್‌ಗಳ ಹತ್ತಾರು ಅಪರಾಧ ಸ್ಥಳಗಳಲ್ಲಿ ಸಿಕ್ಕಿದ್ದ ಡಿ.ಎನ್.ಎ.ಯೊಡನೆ ಹೊಂದಿತು. ಕೊಲೆಯಿಂದ ಹಿಡಿದು ಸಣ್ಣ ಕಳ್ಳತನದವರೆಗೆ ಎಲ್ಲೆಲ್ಲೂ ಒಬ್ಬಳೇ! ಕೊನೆಗೆ 2009ರಲ್ಲಿ, ಆ ಡಿ.ಎನ್.ಎ. ಮಾದರಿ ಸಂಗ್ರಹಿಸುವ ಹತ್ತಿಯ ಕಡ್ಡಿಗಳನ್ನು ತಯಾರಿಸುವಲ್ಲಿ ದುಡಿಯುತ್ತಿದ್ದ ಮಹಿಳೆಯದೆಂದು ತಿಳಿದುಬಂದಿತು. ಕಡ್ಡಿಗಳನ್ನು ರೋಗಾಣುರಹಿತ ಮಾಡಲಾಗಿತ್ತು. ಆದರೆ ರೋಗಾಣು ಸತ್ತರೂ ಡಿ.ಎನ್.ಎ. ಉಳಿಯುತ್ತದೆ.

ಈ ಕಾರಣದಿಂದ ಪ್ರತಿ ಪರೀಕ್ಷೆಯ ಜೊತೆಗೆ ಡಿ.ಎನ್.ಎ. ಹಾಕದ ಖಾಲಿ ನಳಿಕೆಯೊಂದನ್ನೂ ಯಂತ್ರದಲ್ಲಿಡುತ್ತಾರೆ. ಅದರಲ್ಲಿ ಶಿಖರ ಕಾಣಿಸಿಕೊಂಡರೆ ಇಡೀ ಪರೀಕ್ಷೆ ರದ್ದಾಗುತ್ತದೆ. ಸಂತ್ರಸ್ತರ ಮಾದರಿಯನ್ನೂ ಆರೋಪಿಯ ಮಾದರಿಯನ್ನೂ ಒಂದೇ ಮೇಜಿನ ಮೇಲೆ ಒಟ್ಟಿಗೆ ತೆರೆಯುವುದಿಲ್ಲ, ಸಿಬ್ಬಂದಿಯ ಡಿ.ಎನ್.ಎ. ಗುರುತುಗಳನ್ನೂ ಹೋಲಿಕೆಗಾಗಿ ಇಟ್ಟುಕೊಂಡಿರುತ್ತಾರೆ. ಸ್ಪರ್ಶದಿಂದಲೂ ಡಿ.ಎನ್.ಎ. ವರ್ಗಾವಣೆಯಾಗುವುದರಿಂದ, ವಸ್ತುವಿನ ಮೇಲೆ ಒಬ್ಬನ ಡಿ.ಎನ್.ಎ. ಇರುವುದು ಅವನು ಅಪರಾಧ ಮಾಡಿದನೆಂಬುದಕ್ಕೆ ತಾನಾಗಿಯೇ ಪುರಾವೆಯಲ್ಲ.

ಭಾರತದಲ್ಲಿ

ಭಾರತದಲ್ಲಿ ಈ ತಂತ್ರವನ್ನು ನೆಲೆಗೊಳಿಸಿದವರು ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿ ಲಾಲ್‌ಜಿ ಸಿಂಗ್. ಹಳದಿ ಮತ್ತು ಕಪ್ಪು ಪಟ್ಟೆಗಳಿರುವ ಬ್ಯಾಂಡೆಡ್ ಕ್ರೈಟ್ ಎಂಬ ವಿಷದ ಹಾವಿನಲ್ಲಿ ಲಿಂಗನಿರ್ಣಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಗ ಅವರಿಗೆ ದೊರೆತ ಆವರ್ತಕ ಡಿ.ಎನ್.ಎ. ಮಾನವರ ಗುರುತು ಪತ್ತೆಗೂ ಶೋಧಕವಾಗಿ ಒದಗಿತು. 1991ರಲ್ಲಿ ರಾಜೀವ್ ಗಾಂಧಿ ಹತ್ಯೆಯ ತನಿಖೆಯಲ್ಲಿ ಈ ಕೇಂದ್ರದ ಪರೀಕ್ಷೆಗಳನ್ನು ಬಳಸಲಾಯಿತು. ಮುಂದೆ ಹೈದರಾಬಾದಿನಲ್ಲಿ ಡಿ.ಎನ್.ಎ. ಬೆರಳಚ್ಚಿಗೆಂದೇ ಪ್ರತ್ಯೇಕ ಕೇಂದ್ರ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯವು ಈ ಪರೀಕ್ಷೆಗಳನ್ನು ನಡೆಸುತ್ತದೆ.

ನ್ಯಾಯಾಲಯಗಳು ಡಿ.ಎನ್.ಎ. ವರದಿಯನ್ನು ತಜ್ಞರ ಅಭಿಪ್ರಾಯವೆಂದು ಪರಿಗಣಿಸುತ್ತವೆ. ಮಗುವಿನ ಪಿತೃತ್ವ ಪ್ರಶ್ನಿಸಿ ರಕ್ತಪರೀಕ್ಷೆ ಕೋರಿದ ಮಾತ್ರಕ್ಕೆ ಅದನ್ನು ಆದೇಶಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಗೌತಮ್ ಕುಂಡು ಪ್ರಕರಣದಲ್ಲಿ ಹೇಳಿತು. ಮಗುವಿನ ಹಾಗೂ ತಾಯಿಯ ಮೇಲೆ ಬೀಳಬಹುದಾದ ಕಳಂಕ ಆ ತೀರ್ಪಿನ ಮುಖ್ಯ ಕಾಳಜಿಯಾಗಿತ್ತು. 2014ರ ನಂದಲಾಲ್ ಬಡ್ವಾಯಿಕ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಪರೀಕ್ಷೆ ನಡೆದು ಫಲಿತಾಂಶ ಬಂದಿರುವಾಗ ಕಾನೂನಿನ ಊಹೆಗಿಂತ ವೈಜ್ಞಾನಿಕ ಸತ್ಯವೇ ಮೇಲೆಂದು ತೀರ್ಪಿತ್ತಿತು. ಅತ್ಯಾಚಾರದ ಆರೋಪಿಯ ವೈದ್ಯಕೀಯ ಪರೀಕ್ಷೆಯಲ್ಲಿ ಡಿ.ಎನ್.ಎ. ಮಾದರಿ ಸಂಗ್ರಹಿಸಲು 2005ರ ತಿದ್ದುಪಡಿ ಅವಕಾಶ ಕಲ್ಪಿಸಿತು. ರಾಷ್ಟ್ರೀಯ ದತ್ತಾಂಶ ಕೋಶವನ್ನು ಸ್ಥಾಪಿಸಿ ಪ್ರಯೋಗಾಲಯಗಳನ್ನು ನಿಯಂತ್ರಿಸುವ ಉದ್ದೇಶದ ಮಸೂದೆಯನ್ನು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಲಾಯಿತು. ಖಾಸಗಿತನದ ಬಗ್ಗೆ ಆಕ್ಷೇಪಗಳು ಎದ್ದಿದ್ದ ಆ ಮಸೂದೆಯನ್ನು ಸರ್ಕಾರ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು.