ಪೆಟ್ರೋಲ್ ದರದಲ್ಲಿ ತೆರಿಗೆ ಎಷ್ಟು? ಕೇಂದ್ರಕ್ಕೆಷ್ಟು, ರಾಜ್ಯಕ್ಕೆಷ್ಟು? ಇಲ್ಲಿದೆ ಲೀಟರ್ ಲೆಕ್ಕ

ಹೈದರಾಬಾದ್‌ನ ಬಂಕ್‌ನಲ್ಲಿ 100 ರೂ. ಕೊಟ್ಟು ಪೆಟ್ರೋಲ್ ಹಾಕಿಸಿಕೊಂಡರೆ ಅದರಲ್ಲಿ ಸುಮಾರು 46 ರೂ. ತೆರಿಗೆಯಾಗಿ ಸರ್ಕಾರಗಳಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಇದು 44 ರೂ., ದೆಹಲಿಯಲ್ಲಿ 39 ರೂ. ಒಂದೇ ದೇಶ, ಒಂದೇ ಕಂಪನಿಯ ಪೆಟ್ರೋಲ್ ಆದರೂ ಊರಿಂದ ಊರಿಗೆ ದರ ಬದಲಾಗಲು ಮುಖ್ಯ ಕಾರಣ ತೆರಿಗೆ. ಈ ತೆರಿಗೆಯ ಲೆಕ್ಕ ಹೇಗೆ? ಯಾರ ಪಾಲು ಎಷ್ಟು? ಜನಸಾಮಾನ್ಯರ ಮೇಲೆ ಇದರ ಹೊರೆ ಎಷ್ಟು? ಇಲ್ಲಿದೆ ಮಾಹಿತಿ. (ಇಲ್ಲಿನ ದರಗಳು 2025ರ ಏಪ್ರಿಲ್ ಪರಿಷ್ಕರಣೆಯ ನಂತರದವು.)

ದರ ನಿಗದಿಯಾಗುವುದು ಹೇಗೆ?

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಪಾಲನ್ನು ಆಮದು ಮಾಡಿಕೊಳ್ಳುತ್ತದೆ. ಪೆಟ್ರೋಲ್ ದರದ ಮೇಲಿನ ಸರ್ಕಾರಿ ನಿಯಂತ್ರಣ 2010ರ ಜೂನ್‌ನಲ್ಲಿ, ಡೀಸೆಲ್ ದರದ ಮೇಲಿನ ನಿಯಂತ್ರಣ 2014ರ ಅಕ್ಟೋಬರ್‌ನಲ್ಲಿ ತೆರವಾಯಿತು. 2017ರ ಜೂನ್ 16ರಿಂದ ದೇಶದಾದ್ಯಂತ ನಿತ್ಯ ದರ ಪರಿಷ್ಕರಣೆ ಪದ್ಧತಿ ಜಾರಿಗೆ ಬಂತು.

ತೈಲ ಕಂಪನಿಯ ಮೂಲ ಬೆಲೆ ಮತ್ತು ಸಾಗಣೆ ವೆಚ್ಚ, ಕೇಂದ್ರದ ಅಬಕಾರಿ ಸುಂಕ, ಬಂಕ್ ಮಾಲೀಕರ ಕಮಿಷನ್, ಕೊನೆಗೆ ರಾಜ್ಯದ ಮಾರಾಟ ತೆರಿಗೆ ಅಥವಾ ವ್ಯಾಟ್. ಇವೆಲ್ಲ ಸೇರಿದ ಮೊತ್ತವೇ ಬಂಕ್‌ನಲ್ಲಿ ಕಾಣುವ ದರ.

ಕೇಂದ್ರದ ತೆರಿಗೆ ಎಷ್ಟು?

2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಲೀಟರ್‌ಗೆ 2 ರೂ. ಹೆಚ್ಚಿಸಿತು. ಇದರಿಂದ ಪೆಟ್ರೋಲ್ ಮೇಲಿನ ಸುಂಕ 21.90 ರೂ., ಡೀಸೆಲ್ ಮೇಲಿನ ಸುಂಕ 17.80 ರೂ. ಆಯಿತು. ತೈಲ ಕಂಪನಿಗಳೇ ಹೊರೆ ಹೊತ್ತಿದ್ದರಿಂದ ಬಂಕ್ ದರ ಏರಲಿಲ್ಲ. ಆದರೆ ಆಗ ಕಚ್ಚಾ ತೈಲ ಬೆಲೆ ಇಳಿದಿತ್ತು. ಆ ಇಳಿಕೆಯ ಲಾಭವೂ ಗ್ರಾಹಕರಿಗೆ ಸಿಗಲಿಲ್ಲ.

ಪೆಟ್ರೋಲ್ ಮೇಲಿನ 21.90 ರೂ. ಹೀಗೆ ಹಂಚಿಕೆಯಾಗಿದೆ:

- ಮೂಲ ಅಬಕಾರಿ ಸುಂಕ: 1.40 ರೂ.
- ವಿಶೇಷ ಹೆಚ್ಚುವರಿ ಅಬಕಾರಿ ಸುಂಕ: 13 ರೂ.
- ರಸ್ತೆ ಮತ್ತು ಮೂಲಸೌಕರ್ಯ ಸೆಸ್: 5 ರೂ.
- ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್: 2.50 ರೂ.

ರಾಜ್ಯಗಳ ತಕರಾರು ಇರುವುದು ಇಲ್ಲೇ. ಸಂವಿಧಾನದ ಪ್ರಕಾರ ಸೆಸ್ ಮತ್ತು ಸರ್ಚಾರ್ಜ್ ಹಣವನ್ನು ಕೇಂದ್ರ ರಾಜ್ಯಗಳ ಜತೆ ಹಂಚಿಕೊಳ್ಳಬೇಕಿಲ್ಲ. ಹಂಚಿಕೆಗೆ ಬರುವುದು ಮೂಲ ಸುಂಕದ 1.40 ರೂ. ಮಾತ್ರ. 15ನೇ ಹಣಕಾಸು ಆಯೋಗ ನಿಗದಿಪಡಿಸಿದ ಶೇ 41ರ ಲೆಕ್ಕದಲ್ಲಿ ಎಲ್ಲ ರಾಜ್ಯಗಳಿಗೆ ಸೇರಿ ಸಿಗುವುದು ಲೀಟರ್‌ಗೆ ಸುಮಾರು 57 ಪೈಸೆ.

ನಿಮ್ಮ ನಗರದಲ್ಲಿ ತೆರಿಗೆ ಎಷ್ಟು?

ರಾಜ್ಯದ ತೆರಿಗೆ ಸೇರುವ ಮುನ್ನ ಒಂದು ಲೀಟರ್ ಪೆಟ್ರೋಲ್ ಬೆಲೆ ಈ ಎಲ್ಲ ನಗರಗಳಲ್ಲೂ 79 ರೂ. ಆಸುಪಾಸಿನಲ್ಲೇ ಇರುತ್ತದೆ. ಅಂತರ ಶುರುವಾಗುವುದು ಆಮೇಲೆ.

- ದೆಹಲಿ: ವ್ಯಾಟ್ ಶೇ 19.40. ಬಂಕ್ ದರ 94.77 ರೂ. ಕೇಂದ್ರ ಮತ್ತು ರಾಜ್ಯದ ಒಟ್ಟು ತೆರಿಗೆ ಸುಮಾರು 37 ರೂ.
- ಚೆನ್ನೈ: ಶೇ 13ರ ಜತೆಗೆ ಲೀಟರ್‌ಗೆ 11.52 ರೂ. ದರ ಸುಮಾರು 100.80 ರೂ. ಒಟ್ಟು ತೆರಿಗೆ ಸುಮಾರು 44 ರೂ.
- ಬೆಂಗಳೂರು: ಮಾರಾಟ ತೆರಿಗೆ ಶೇ 29.84. ದರ ಸುಮಾರು 102.92 ರೂ. ಒಟ್ಟು ತೆರಿಗೆ ಸುಮಾರು 45.50 ರೂ.
- ಮುಂಬೈ: ಶೇ 25ರ ಜತೆಗೆ ಲೀಟರ್‌ಗೆ 5.12 ರೂ. ದರ ಸುಮಾರು 103.50 ರೂ. ಒಟ್ಟು ತೆರಿಗೆ ಸುಮಾರು 46.70 ರೂ.
- ಹೈದರಾಬಾದ್: ಶೇ 35.20. ದರ 107.46 ರೂ. ಒಟ್ಟು ತೆರಿಗೆ ಸುಮಾರು 50 ರೂ.

ಮುಂಬೈ, ಠಾಣೆ ಮತ್ತು ನವಿ ಮುಂಬೈನಲ್ಲಿ ಮೊದಲು ಪೆಟ್ರೋಲ್ ವ್ಯಾಟ್ ಶೇ 26 ಇತ್ತು. 2024ರ ಜುಲೈನಿಂದ ಅದು ಪುಣೆ ಸೇರಿದಂತೆ ಉಳಿದ ಮಹಾರಾಷ್ಟ್ರದ ಶೇ 25ಕ್ಕೆ ಸಮನಾಯಿತು.

ತೆರಿಗೆಯ ಮೇಲೂ ತೆರಿಗೆ

ರಾಜ್ಯಗಳು ವ್ಯಾಟ್ ಲೆಕ್ಕ ಹಾಕುವುದು ಮೂಲ ಬೆಲೆಯ ಮೇಲಷ್ಟೇ ಅಲ್ಲ, ಕೇಂದ್ರದ ಅಬಕಾರಿ ಸುಂಕ ಸೇರಿದ ಮೊತ್ತದ ಮೇಲೆ. ಅಂದರೆ ಗ್ರಾಹಕರು 21.90 ರೂ. ಸುಂಕ ಕಟ್ಟಿ, ಆ ಸುಂಕಕ್ಕೂ ವ್ಯಾಟ್ ಕಟ್ಟುತ್ತಾರೆ. ಈ ಒಂದು ಕಾರಣಕ್ಕೇ ಲೀಟರ್‌ಗೆ ದೆಹಲಿಯಲ್ಲಿ 4.25 ರೂ., ಬೆಂಗಳೂರಿನಲ್ಲಿ 6.53 ರೂ., ಹೈದರಾಬಾದ್‌ನಲ್ಲಿ 7.71 ರೂ. ಹೆಚ್ಚುವರಿ ಬೀಳುತ್ತದೆ. ಕೇಂದ್ರ ಸುಂಕ ಏರಿಸಿ ಬಂಕ್ ದರವೂ ಏರಿದರೆ ರಾಜ್ಯಗಳ ಆದಾಯ ತಾನಾಗಿಯೇ ಹೆಚ್ಚುತ್ತದೆ. ಹೀಗಾಗಿ ಒಬ್ಬರ ಮೇಲೊಬ್ಬರು ಬೊಟ್ಟು ಮಾಡಿದರೂ ಹೊರೆಯಲ್ಲಿ ಇಬ್ಬರ ಪಾಲೂ ಇದೆ.

ಕರ್ನಾಟಕದಲ್ಲಿ ಏನಾಯಿತು?

2021ರ ನವೆಂಬರ್‌ನಲ್ಲಿ ಕೇಂದ್ರ ಸುಂಕ ಇಳಿಸಿದಾಗ ಕರ್ನಾಟಕವೂ ಲೀಟರ್‌ಗೆ 7 ರೂ. ಕಡಿತ ಮಾಡಿತ್ತು. 2024ರ ಜೂನ್ 15ರಂದು ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ, ಡೀಸೆಲ್ ತೆರಿಗೆಯನ್ನು ಶೇ 14.34ರಿಂದ 18.44ಕ್ಕೆ ಏರಿಸಲಾಯಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಮತ್ತೆ ಏರಿ ಶೇ 21.17 ಆಯಿತು. ಅಕ್ಕಪಕ್ಕದ ರಾಜ್ಯಗಳಿಗೆ ಹೋಲಿಸಿದರೆ ದರ ಈಗಲೂ ಕಡಿಮೆ ಎಂಬುದು ರಾಜ್ಯ ಸರ್ಕಾರದ ಸಮರ್ಥನೆ. ಗ್ಯಾರಂಟಿ ಯೋಜನೆಗಳಿಗೆ ಹಣ ಹೊಂದಿಸಲು ಜನರ ಜೇಬಿಗೆ ಕೈಹಾಕಲಾಗಿದೆ ಎಂಬುದು ಪ್ರತಿಪಕ್ಷದ ಆರೋಪ.

ಕಚ್ಚಾ ತೈಲ ಅಗ್ಗವಾದರೂ ದರ ಇಳಿಯುವುದಿಲ್ಲ ಏಕೆ?

2014ರ ಏಪ್ರಿಲ್‌ನಲ್ಲಿ ಪೆಟ್ರೋಲ್ ಮೇಲಿನ ಕೇಂದ್ರದ ಸುಂಕ 9.48 ರೂ., ಡೀಸೆಲ್ ಮೇಲಿನದು 3.56 ರೂ. ಇತ್ತು. ಕಚ್ಚಾ ತೈಲ ಬೆಲೆ ಕುಸಿದಾಗ, 2014ರ ನವೆಂಬರ್‌ನಿಂದ 2016ರ ಜನವರಿವರೆಗೆ ಸುಂಕವನ್ನು ಒಂಬತ್ತು ಬಾರಿ ಏರಿಸಲಾಯಿತು.

ಕೋವಿಡ್ ಕಾಲದಲ್ಲೂ ಇದೇ ಪುನರಾವರ್ತನೆಯಾಯಿತು. 2020ರ ಏಪ್ರಿಲ್‌ನಲ್ಲಿ ಭಾರತ ಖರೀದಿಸುವ ಕಚ್ಚಾ ತೈಲದ ಸರಾಸರಿ ಬೆಲೆ ಬ್ಯಾರೆಲ್‌ಗೆ 20 ಡಾಲರ್ ಆಸುಪಾಸಿಗೆ ಇಳಿದಿತ್ತು. ಮೇ ತಿಂಗಳಲ್ಲಿ ಕೇಂದ್ರ ಒಂದೇ ಏಟಿಗೆ ಪೆಟ್ರೋಲ್ ಮೇಲೆ 10 ರೂ., ಡೀಸೆಲ್ ಮೇಲೆ 13 ರೂ. ಸುಂಕ ಹೇರಿತು. ದೆಹಲಿ ಸರ್ಕಾರವೂ ಅದೇ ತಿಂಗಳು ಡೀಸೆಲ್ ವ್ಯಾಟ್ ಅನ್ನು ಶೇ 30ಕ್ಕೆ ಏರಿಸಿತು. ಪರಿಣಾಮ, ಜೂನ್ 24ರಂದು ರಾಜಧಾನಿಯಲ್ಲಿ ಪೆಟ್ರೋಲ್‌ಗಿಂತ ಡೀಸೆಲ್ ದುಬಾರಿಯಾಯಿತು. ಜುಲೈ ಕೊನೆಯಲ್ಲಿ ದೆಹಲಿ ತನ್ನ ವ್ಯಾಟ್ ಅನ್ನು ಹಿಂದಿನ ಶೇ 16.75ಕ್ಕೆ ಇಳಿಸಬೇಕಾಯಿತು.

2014-15ರಲ್ಲಿ ಸುಮಾರು 99 ಸಾವಿರ ಕೋಟಿ ರೂ. ಇದ್ದ ಪೆಟ್ರೋಲಿಯಂ ವಲಯದ ಕೇಂದ್ರ ಅಬಕಾರಿ ಆದಾಯ, 2020-21ರಲ್ಲಿ ಸುಮಾರು 3.73 ಲಕ್ಷ ಕೋಟಿ ರೂ.ಗೆ ಏರಿತು. ನಂತರ 2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಕೇಂದ್ರ ಎರಡು ಕಂತುಗಳಲ್ಲಿ ಪೆಟ್ರೋಲ್ ಮೇಲೆ 13 ರೂ., ಡೀಸೆಲ್ ಮೇಲೆ 16 ರೂ. ಸುಂಕ ಕಡಿಮೆ ಮಾಡಿತು. ಆದರೂ ಸುಂಕ 2014ರ ಮಟ್ಟಕ್ಕೆ ಮರಳಿಲ್ಲ.

ಹೊರೆ ಯಾರ ಮೇಲೆ ಹೆಚ್ಚು?

ಆದಾಯ ತೆರಿಗೆ ಗಳಿಕೆಗೆ ತಕ್ಕಂತೆ ಏರುತ್ತದೆ. ಇಂಧನ ತೆರಿಗೆ ಹಾಗಲ್ಲ. ಐಷಾರಾಮಿ ಕಾರಿನವರೂ ಸೆಕೆಂಡ್ ಹ್ಯಾಂಡ್ ಸ್ಕೂಟರ್‌ನವರೂ ಲೀಟರ್‌ಗೆ ಕಟ್ಟುವ ತೆರಿಗೆ ಒಂದೇ.

ಒಂದು ಉದಾಹರಣೆ ನೋಡಿ. ಡೆಲಿವರಿ ಕೆಲಸ ಮಾಡುವವರೊಬ್ಬರು ದಿನಕ್ಕೆ 2 ಲೀಟರ್‌ನಂತೆ ತಿಂಗಳಲ್ಲಿ 26 ದಿನ ಪೆಟ್ರೋಲ್ ಹಾಕಿಸಿದರೆ ಒಟ್ಟು 52 ಲೀಟರ್. ಇದರ ಮೇಲಿನ ತೆರಿಗೆಯೇ ದೆಹಲಿಯಲ್ಲಿ ತಿಂಗಳಿಗೆ 1,900 ರೂ. ದಾಟುತ್ತದೆ. ಬೆಂಗಳೂರಿನಲ್ಲಿ 2,350 ರೂ.ಗೂ ಹೆಚ್ಚು, ಹೈದರಾಬಾದ್‌ನಲ್ಲಿ ಸುಮಾರು 2,600 ರೂ. ಹೈದರಾಬಾದ್ ಲೆಕ್ಕದಲ್ಲಿ ವರ್ಷಕ್ಕೆ 31 ಸಾವಿರ ರೂ. ಆಯಿತು. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂ.ವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಇಲ್ಲ. ಆದರೆ ಅದರ ಕಾಲು ಭಾಗ ದುಡಿಯುವವರೂ ಬಂಕ್‌ನಲ್ಲಿ ಇಷ್ಟು ತೆರಿಗೆ ಕಟ್ಟುತ್ತಾರೆ.

ಗಾಡಿ ಇಲ್ಲದವರಿಗೂ ತಪ್ಪಿದ್ದಲ್ಲ

ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯಿಂದ ಹೊರಗಿವೆ. ಹಾಗಾಗಿ ಲಾರಿ ಮಾಲೀಕರು ಡೀಸೆಲ್‌ಗೆ ಕಟ್ಟಿದ ತೆರಿಗೆಯನ್ನು ಜಿಎಸ್‌ಟಿಯಲ್ಲಿ ಹೊಂದಿಸಿಕೊಳ್ಳಲು ಬರುವುದಿಲ್ಲ. ಆ ಮೊತ್ತ ಬಾಡಿಗೆಗೆ, ಬಾಡಿಗೆಯಿಂದ ಈರುಳ್ಳಿ, ಅಕ್ಕಿ, ಸಿಮೆಂಟ್ ಬೆಲೆಗೆ ಸೇರುತ್ತದೆ. ಟ್ರ್ಯಾಕ್ಟರ್‌ಗೆ ಡೀಸೆಲ್ ಹಾಕಿಸುವ ರೈತನಿಗೆ ಅದನ್ನು ಯಾರ ಮೇಲೂ ದಾಟಿಸುವ ದಾರಿಯೇ ಇಲ್ಲ.

ಬಸ್ ಪ್ರಯಾಣಿಕರಿಗೂ ಬಿಸಿ ತಟ್ಟಿದೆ. ಕರ್ನಾಟಕದ ನಾಲ್ಕು ಸಾರಿಗೆ ನಿಗಮಗಳ ಟಿಕೆಟ್ ದರ 2025ರ ಜನವರಿ 5ರಿಂದ ಶೇ 15ರಷ್ಟು ಏರಿತು. ಮಹಾರಾಷ್ಟ್ರದ ಎಸ್‌ಟಿ ಬಸ್ ದರವೂ ಅದೇ ತಿಂಗಳು ಶೇ 14.95ರಷ್ಟು ಹೆಚ್ಚಾಯಿತು. ಸಿಬ್ಬಂದಿ ವೆಚ್ಚದ ಜತೆಗೆ ಡೀಸೆಲ್ ವೆಚ್ಚವೂ ಇದಕ್ಕೆ ಕಾರಣ.

ಜಿಎಸ್‌ಟಿಗೆ ತಂದರೆ ದರ ಇಳಿಯುತ್ತದೆಯೇ?

ಸಂವಿಧಾನದ 279ಎ ವಿಧಿಯ ಪ್ರಕಾರ ಪೆಟ್ರೋಲ್, ಡೀಸೆಲ್, ಕಚ್ಚಾ ತೈಲ, ನೈಸರ್ಗಿಕ ಅನಿಲ ಮತ್ತು ವಿಮಾನ ಇಂಧನವನ್ನು ಯಾವಾಗಿನಿಂದ ಜಿಎಸ್‌ಟಿಗೆ ಸೇರಿಸಬೇಕೆಂದು ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಬೇಕು. ಕೇರಳ ಹೈಕೋರ್ಟ್ ಸೂಚನೆಯಂತೆ 2021ರ ಸೆಪ್ಟೆಂಬರ್ 17ರಂದು ಲಖನೌ ಸಭೆಯಲ್ಲಿ ವಿಷಯ ಚರ್ಚೆಗೆ ಬಂದರೂ, ಇದು ಸೂಕ್ತ ಸಮಯವಲ್ಲ ಎಂದು ಮಂಡಳಿ ತೀರ್ಮಾನಿಸಿತು.

ಕಾರಣ ಲೆಕ್ಕದಲ್ಲೇ ಇದೆ. ದೆಹಲಿಯಲ್ಲಿ ಡೀಲರ್ ಕಮಿಷನ್ ಸೇರಿ ತೆರಿಗೆ ಇಲ್ಲದ ಪೆಟ್ರೋಲ್ ಬೆಲೆ ಸುಮಾರು 57.50 ರೂ. ಇದಕ್ಕೆ ಗರಿಷ್ಠ ಶೇ 40 ಜಿಎಸ್‌ಟಿ ಹಾಕಿದರೂ ದರ 80.50 ರೂ. ಆಸುಪಾಸಿನಲ್ಲಿ ನಿಲ್ಲುತ್ತದೆ. ಗ್ರಾಹಕರಿಗೆ 14 ರೂ. ಉಳಿತಾಯ. ಆದರೆ ಈಗ ಲೀಟರ್‌ಗೆ ಸುಮಾರು 28 ರೂ. ಪಡೆಯುವ ತೆಲಂಗಾಣಕ್ಕೆ ರಾಜ್ಯ ಜಿಎಸ್‌ಟಿಯಾಗಿ ಸಿಗುವುದು ಸುಮಾರು 11.50 ರೂ. ಮಾತ್ರ. ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ಸ್ವಂತವಾಗಿ ದರ ನಿರ್ಧರಿಸಬಹುದಾದ ದೊಡ್ಡ ಆದಾಯ ಮೂಲಗಳು ಇಂಧನ, ಮದ್ಯ ಮತ್ತು ಮುದ್ರಾಂಕ ಶುಲ್ಕದಂಥ ಕೆಲವೇ ಕೆಲವು. ಅದರಲ್ಲೊಂದನ್ನು ಬಿಟ್ಟುಕೊಡಲು ಯಾವ ಪಕ್ಷದ ಸರ್ಕಾರವೂ ಸುಲಭಕ್ಕೆ ಒಪ್ಪುತ್ತಿಲ್ಲ. ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಹಣ ಬರುವುದೂ ಇಂಥ ಆದಾಯದಿಂದಲೇ ಎಂಬುದನ್ನೂ ಮರೆಯುವಂತಿಲ್ಲ.

ಹೀಗಾಗಿ ಬಂಕ್ ದರ ಇಳಿಯಲು ಸದ್ಯಕ್ಕಿರುವುದು ಮೂರೇ ದಾರಿ: ಕೇಂದ್ರ ಸುಂಕ ಇಳಿಸಬೇಕು, ರಾಜ್ಯ ವ್ಯಾಟ್ ಇಳಿಸಬೇಕು, ಇಲ್ಲವೇ ಕಚ್ಚಾ ತೈಲ ಅಗ್ಗವಾದಾಗ ಅದರ ಲಾಭವನ್ನು ಕಂಪನಿಗಳು ಗ್ರಾಹಕರಿಗೆ ದಾಟಿಸಬೇಕು. ಮುಂದಿನ ಬಾರಿ ಸುಂಕ ಬದಲಾದ ಸುದ್ದಿ ಬಂದಾಗ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದರ ಜತೆಗೆ, ಬದಲಾಗಿದ್ದು ಮೂಲ ಸುಂಕವೋ ಸೆಸ್ಸೋ, ನಿಮ್ಮ ರಾಜ್ಯದ ವ್ಯಾಟ್ ಏನಾಯಿತು ಎಂಬುದನ್ನೂ ನೋಡಿ. ಹಣ ಯಾರ ಖಜಾನೆಗೆ ಹೋಗುತ್ತಿದೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ.