ಕಾನೂನು, ರಾಜಕಾರಣ, ಬಂಡವಾಳ: ಹಾಸನ ಜಿಲ್ಲೆಯ ಮೂರು ನಿದರ್ಶನಗಳು

ಮಾರುಕಟ್ಟೆ ತಾನಾಗಿ ಬೆಳೆಯುತ್ತದೆ, ಸರ್ಕಾರ ಆನಂತರ ಬಂದು ಅದಕ್ಕೆ ಕಡಿವಾಣ ಹಾಕುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆರ್ಥಿಕ ಇತಿಹಾಸಕಾರ ಕಾರ್ಲ್ ಪೊಲಾನಿ 1944ರಲ್ಲಿ ಪ್ರಕಟವಾದ ‘ದಿ ಗ್ರೇಟ್ ಟ್ರಾನ್ಸ್‌ಫರ್ಮೇಷನ್’ ಕೃತಿಯಲ್ಲಿ ಈ ನಂಬಿಕೆಯನ್ನು ಅಲ್ಲಗಳೆದರು. ಮುಕ್ತ ಮಾರುಕಟ್ಟೆಯೂ ಪ್ರಭುತ್ವವೇ ಕಟ್ಟಿದ ವ್ಯವಸ್ಥೆ ಎಂಬುದು ಅವರ ಪ್ರತಿಪಾದನೆ. ಬೇಲೂರಿನ ಕಾಫಿ, ಅರಸೀಕೆರೆಯ ಕೊಬ್ಬರಿ ಹಾಗೂ ಹಳೇಬೀಡಿನ ನಿವೇಶನಗಳ ಕಥೆ ಈ ಮಾತಿಗೆ ಹತ್ತಿರವಾಗಿದೆ.

ಬೇಲೂರು: ಪೂಲ್‌ನಿಂದ ಪೇಟೆಗೆ

ಬೇಲೂರು ತಾಲ್ಲೂಕಿನ ಮಲೆನಾಡು ಭಾಗ ಕಾಫಿ ಸೀಮೆ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ 1942ರ ಕಾಫಿ ಕಾಯ್ದೆ ಜಾರಿಗೆ ಬಂದಿತು. ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಯಿತು. ಮಾರಾಟದ ಹೊಣೆ ಮಂಡಳಿಯದಾಗಿತ್ತು. ಹಣ ಕಂತುಗಳಲ್ಲಿ ಬರುತ್ತಿತ್ತು. 1989ರಲ್ಲಿ ಅಂತಾರಾಷ್ಟ್ರೀಯ ರಫ್ತು ಕೋಟಾ ವ್ಯವಸ್ಥೆ ಕುಸಿಯಿತು. 1991ರಲ್ಲಿ ದೊಡ್ಡ ಗ್ರಾಹಕವಾಗಿದ್ದ ಸೋವಿಯತ್ ಒಕ್ಕೂಟ ಒಡೆಯಿತು. 1992ರಿಂದ ಹಂತಹಂತವಾಗಿ ಸಡಿಲಗೊಂಡ ಕಡ್ಡಾಯ ಪೂಲ್ 1996ರಲ್ಲಿ ಸಂಪೂರ್ಣವಾಗಿ ಕೊನೆಗೊಂಡಿತು. ಬೆಳೆಗಾರರಿಗೆ ಮಾರಾಟದ ಸ್ವಾತಂತ್ರ್ಯ ದೊರೆಯಿತು. ಆದರೆ 2000ದ ನಂತರ ವಿಶ್ವಮಾರುಕಟ್ಟೆಯಲ್ಲಿ ದರ ಕುಸಿದಾಗ ಅದರ ಹೊಡೆತವೂ ನೇರವಾಗಿ ಅವರ ಮೇಲೆಯೇ ಬಿದ್ದಿತು.

ಜಮೀನಿನ ವಿಷಯದಲ್ಲಿಯೂ ಕಾನೂನೇ ನಿರ್ಣಾಯಕ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ 104ನೇ ಕಲಂ ಪ್ಲಾಂಟೇಷನ್‌ಗಳಿಗೆ ಭೂಮಿತಿಯಿಂದ ವಿನಾಯಿತಿ ನೀಡುತ್ತದೆ. ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸು ಈ ವ್ಯಾಖ್ಯೆಗೆ ಸೇರುತ್ತವೆ, ತೆಂಗು ಸೇರುವುದಿಲ್ಲ. ಹೀಗಾಗಿ ಒಂದೇ ಜಿಲ್ಲೆಯಲ್ಲಿ ಕಾಫಿ ತೋಟಕ್ಕೆ ಒಂದು ನಿಯಮ, ತೆಂಗಿನ ತೋಟಕ್ಕೆ ಇನ್ನೊಂದು.

ಅರಸೀಕೆರೆ: ಕಾಯ್ದೆಯಿಲ್ಲದ ಬೆಂಬಲ

ಬಯಲುಸೀಮೆಯ ಅರಸೀಕೆರೆಯಲ್ಲಿ ತೆಂಗೇ ಜೀವನಾಧಾರ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಕ್ವಿಂಟಲ್‌ಗೆ 12,000 ರೂಪಾಯಿ, 2025ಕ್ಕೆ 12,100 ರೂಪಾಯಿ ಬೆಂಬಲ ಬೆಲೆ ನಿಗದಿಪಡಿಸಿತು. ಗಮನಿಸಬೇಕಾದ ಅಂಶವೆಂದರೆ, ಬೆಂಬಲ ಬೆಲೆಗೆ ಶಾಸನದ ಆಧಾರವಿಲ್ಲ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಶಿಫಾರಸಿನ ಮೇಲೆ ಸಚಿವ ಸಂಪುಟ ಸಮಿತಿ ಕೈಗೊಳ್ಳುವ ತೀರ್ಮಾನ ಅದು. ಪೇಟೆಯಲ್ಲಿ ಖಾಸಗಿ ವರ್ತಕ ಅದಕ್ಕಿಂತ ಕಡಿಮೆ ದರಕ್ಕೆ ಕೊಂಡರೆ ಬೆಳೆಗಾರ ಬೆಂಬಲ ಬೆಲೆಯನ್ನು ಹಕ್ಕೆಂದು ಕೇಳುವಂತಿಲ್ಲ. 2023ರಲ್ಲಿ ಪೇಟೆ ದರ ಬೆಂಬಲ ಬೆಲೆಗಿಂತ ಕೆಳಗಿಳಿದಾಗ ನಾಫೆಡ್ ಖರೀದಿಗಾಗಿ ತೆಂಗು ಬೆಳೆಗಾರರು ಬೀದಿಗಿಳಿಯಬೇಕಾದದ್ದು ಈ ಕಾರಣದಿಂದಲೇ. 2025ರಲ್ಲಿ ಪೇಟೆ ದರ ಬೆಂಬಲ ಬೆಲೆಯನ್ನು ಬಹುವಾಗಿ ಮೀರಿತು. ಬೇಡಿಕೆಯ ಕಾವು ಇಳಿಯಿತು, ಕಾನೂನಿನ ಕೊರತೆ ಹಾಗೆಯೇ ಉಳಿಯಿತು.

ಹಳೇಬೀಡು: ನೂರು ಮೀಟರ್‌ನ ಗೆರೆ

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಮನ್ನಣೆ ಪ್ರವಾಸೋದ್ಯಮದ ಬಂಡವಾಳವನ್ನು ಆಕರ್ಷಿಸುತ್ತದೆ. ಆದರೆ ಗೆರೆಯೊಳಗಿನ ನಿವೇಶನದಾರ ಹೊಸದಾಗಿ ಮನೆ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಗೆರೆಯಾಚೆ ಜಮೀನುಳ್ಳವನಿಗೆ ಅನುಮತಿ ಪಡೆದು ವಸತಿಗೃಹ ಕಟ್ಟುವ ಅವಕಾಶವಿದೆ. ದೇಗುಲ ಒಂದೇ ಆದರೂ ಲಾಭ, ಹೊರೆಗಳ ಹಂಚಿಕೆ ಸಮನಾಗಿಲ್ಲ.

ವಿನಾಯಿತಿ, ಬೆಲೆ, ಗಡಿ ಈ ಮೂರನ್ನೂ ನಿಗದಿಪಡಿಸಿದ್ದು ಪೇಟೆಯಲ್ಲ. ಶಾಸನಸಭೆ, ಸಂಪುಟ ಮತ್ತು ಸಂಸತ್ತು. ಆ ತೀರ್ಮಾನಗಳ ವೇಳೆ ಸಣ್ಣ ಹಿಡುವಳಿದಾರನ ದನಿ ಎಷ್ಟು ಕೇಳಿಸುತ್ತದೆ ಎಂಬುದರ ಮೇಲೆ ಅವನ ಆದಾಯವೂ ನಿಂತಿದೆ.