ಘಟ್ಟದ ದಾರಿ, ಪುಟ್ಟ ಮಕ್ಕಳು

ರಜೆ ಬಂತೆಂದರೆ ನಮ್ಮ ಮುಂಬೈ ಕನ್ನಡಿಗರ ಮನೆಗಳಲ್ಲಿ ಒಂದೇ ಲೆಕ್ಕ: ಬೆಳಗ್ಗೆ ಐದಕ್ಕೆ ಕಾರು ಬಿಟ್ಟರೆ ಧಾರವಾಡ ಮುಟ್ಟುವುದು ಎಷ್ಟಕ್ಕೆ?

ಹಿಂದಿನವರ ಲೆಕ್ಕ ಬೇರೆ ಇತ್ತು. ಎಲ್ಲಿ ನಿಲ್ಲುವುದು ಎಂಬುದೇ ಅವರಿಗೆ ಮುಖ್ಯ. ಬೋರ್ ಘಾಟಿನ ಬುಡದ ಖೊಪೋಲಿಯಲ್ಲಿ ನಾನಾ ಫಡ್ನವೀಸ್ ಕೆರೆ, ಗುಡಿ ಕಟ್ಟಿಸಿದ್ದ. ಆಗ ಸರಕು ಘಟ್ಟ ಹತ್ತುತ್ತಿದ್ದುದು ಎತ್ತಿನ ಬೆನ್ನ ಮೇಲೆ. ಗವರ್ನರ್ ಜಾನ್ ಮಾಲ್ಕಮ್ ಗಾಡಿರಸ್ತೆ ತೆರೆದದ್ದು 1830ರಲ್ಲಿ. 1863ರಲ್ಲಿ ರೈಲು ಬಂತು. ಇಂದಿಗೂ ಎಷ್ಟೋ ರೈಲುಗಳು ಕರ್ಜತ್‌ನಲ್ಲಿ ನಿಂತು, ಹಿಂದಿನಿಂದ ದೂಡುವ ಎಂಜಿನ್ ಜೋಡಿಸಿಕೊಂಡೇ ಹತ್ತುತ್ತವೆ.

2002ರಲ್ಲಿ ಎಕ್ಸ್‌ಪ್ರೆಸ್‌ವೇ ಪೂರ್ತಿಯಾದ ಮೇಲೆ ಕಾರಿಗೆ ನಿಲ್ಲುವ ಅಗತ್ಯ ಉಳಿಯಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿರುವ ನಾಲ್ಕು ವರ್ಷದ ಮಗುವಿನ ಹೊಟ್ಟೆಗೆ ತಿರುವು ಇನ್ನೂ ತಿರುವೇ!

ಆದ್ದರಿಂದ ಗಾಡಿಯವರಂತೆ ಯೋಚಿಸಿ. ಘಟ್ಟಕ್ಕೆ ಮುಂಚೆ ಹೊಟ್ಟೆತುಂಬ ತಿನ್ನಿಸಬೇಡಿ. ಮೇಲೆ ಲೋಣಾವಳದಲ್ಲಿ ಮಕ್ಕಳನ್ನು ಇಳಿಸಿ, ಅರ್ಧ ಗಂಟೆ ಓಡಾಡಲು ಬಿಡಿ. ಕೊಲ್ಹಾಪುರದಲ್ಲಿ ರಾತ್ರಿ ತಂಗಿ. ಒಂದು ದಿನ ಹೆಚ್ಚಾದರೆ ಆಗಲಿ. ಊರಲ್ಲಿ ಬಾಗಿಲಿಗೆ ಬಂದ ಅಜ್ಜಿಗೆ ಬಾಡಿದ ಮುಖ ತೋರಿಸುವುದಕ್ಕಿಂತ ಅದೇ ಲೇಸು.